ನಾಯಿಗೆ ನೀರು ಹುಯ್ಯೋ ಭಾನುವಾರ

ನಮ್ಮ ಕೊಳ್ಳೇಗಾಲದ ಕಡೆ ನಾಯಿಗೆ ಸ್ನಾನ ಮಾಡಿಸಬೇಕಾದರೂ ವಾರ ನೋಡಬೇಕು. ಸೋಮವಾರ ಮಾದಪ್ಪನ ವಾರ. ಅವತ್ತು ಕತ್ತರಿ ಹಿಡಿದು ಹಿತ್ತಿಲಿಗೆ ಹೊರಟರೆ ಅಜ್ಜಿ ಕೂತಲ್ಲಿಂದಲೇ ಕೂಗುತ್ತಾಳೆ: “ಮಾದಪ್ಪನ ವಾರದಲ್ಲೂ ನಿಂಗೆ ಸುಮ್ಕಿರಕ್ಕಾಗದಿಲ್ವ?” ಮಂಗಳವಾರ ಚೌರದಂಗಡಿಗಳಿಗೆಲ್ಲ ರಜೆ. ಮನುಷ್ಯರಿಗೇ ಇಲ್ಲದ ಚೌರ ನಾಯಿಗೆ ಯಾಕೆ? ಬುಧವಾರ, ಗುರುವಾರ ಕಚೇರಿ, ಅಂಗಡಿ, ಮಗ್ಗ. ಶುಕ್ರವಾರ ಲಕ್ಷ್ಮಿ ಬರುವ ದಿನ. ಹೊಸ್ತಿಲಲ್ಲಿ ಒದ್ದೆ ನಾಯಿ ನಿಂತಿದ್ದರೆ ಆಕೆ ಹಾಗೇ ಯಳಂದೂರು ಬಸ್ಸು ಹತ್ತಿಬಿಟ್ಟಾಳು. ಶನಿವಾರ ಬಿಳಿಗಿರಿರಂಗನದು. ಉಳಿದಿದ್ದು ಭಾನುವಾರ ಒಂದೇ. ಭಾನುವಾರವೋ ಬಾಡಿನ ವಾರ. ಒಲೆ ಮೇಲೆ ಸಾರು ಕುದಿಯುತ್ತಿರುವಾಗ ನಾಯಿಯನ್ನು ಬಚ್ಚಲಿಗೆ ಕರೆದು ನೋಡಿ. ಸಾಲ ಕೇಳಲು ಬಂದ ನೆಂಟನನ್ನು ನೋಡುವ ಹಾಗೆ ನೋಡುತ್ತದೆ.

ಇಷ್ಟೆಲ್ಲ ತಾಪತ್ರಯ ಬಂದದ್ದು ಊರಿಗೆ ಜಾತಿನಾಯಿಗಳು ಬಂದ ಮೇಲೆ. ಹಿಂದೆ ನಾಯಿ ಅಂದರೆ ಜಗಲಿ ಪಕ್ಕ ಮಲಗಿ, ಉಳಿದ ಮುದ್ದೆ ತಿಂದು, ಹೊಸಬರನ್ನು ಕಂಡರೆ ಬೊಗಳಿ, ಹಳಬರನ್ನು ಕಂಡರೆ ಬಾಲ ಅಲ್ಲಾಡಿಸಿ, ಮಳೆ ಬಂದಾಗ ಮೈ ತೊಳೆದುಕೊಳ್ಳುತ್ತಿದ್ದ ಸ್ವಾವಲಂಬಿ. 2022ರಲ್ಲಿ ‘777 ಚಾರ್ಲಿ’ ಬಂತು ನೋಡಿ, ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ಜೊತೆಗೊಂದು ಲ್ಯಾಬ್ರಡಾರ್. ಥಿಯೇಟರಿನಲ್ಲಿ ಅತ್ತ ಮಕ್ಕಳು ಮನೆಗೆ ಬಂದರೂ ಅಳು ನಿಲ್ಲಿಸಲಿಲ್ಲ. ಲ್ಯಾಬ್ರಡಾರ್ ಮನೆಗೆ ಬಂದ ಮೇಲೇ ನಿಲ್ಲಿಸಿದ್ದು. ಆಮೇಲೆ ಅಳುವ ಸರದಿ ಅಪ್ಪಂದಿರದು. ವರ್ಷವಿಡೀ ಕೂದಲುದುರಿಸುವ ಪ್ರಾಣಿ ಅದು ಎಂದು ಟಿಕೆಟ್ ಕೊಡುವಾಗ ಯಾರೂ ಹೇಳಿರಲಿಲ್ಲವಲ್ಲ!

ನಮ್ಮ ಸುತ್ತಿನ ಮೂರು ತಾಲ್ಲೂಕಿನ ನಾಯಿಗಳಿಗೆ ಮೂರು ಥರದ ಗತ್ತು. ಹನೂರಿನ ನಾಯಿಗೆ ಉದ್ಯೋಗವಿದೆ. ರಾಗಿ ಹೊಲಕ್ಕೆ, ಮುಸುಕಿನ ಜೋಳಕ್ಕೆ ಹಂದಿ ನುಗ್ಗದಂತೆ ರಾತ್ರಿಯೆಲ್ಲ ಕಾಯಬೇಕು. ಜೊತೆಗೆ ತಾನೇ ಚಿರತೆಗೆ ಊಟವಾಗದ ಹಾಗೂ ನೋಡಿಕೊಳ್ಳಬೇಕು. ಒಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ, ಇನ್ನೊಂದು ಕಡೆ ಕಾವೇರಿ ವನ್ಯಧಾಮ, ಮತ್ತೊಂದು ಕಡೆ ಬಿಳಿಗಿರಿರಂಗನ ಹುಲಿ ಕಾಡು. ಇಂಥ ನಡುವೆ ಬದುಕುವ ನಾಯಿಗೆ ಬಾಚಣಿಗೆ ಅಂದರೆ ಬೇಲಿಯ ಮುಳ್ಳು. ಕೊಳ್ಳೇಗಾಲದ್ದು ರೇಷ್ಮೆ ಊರಿನ ನಾಯಿ. ಶಿಹ್ ತ್ಸು, ಪಮೇರಿಯನ್ ಎಂದು ಅದಕ್ಕೂ ಸೆರಗು ಬೇಕು, ಅಂಚು ಬೇಕು. ಯಳಂದೂರಿನದು ದಿವಾನರ ಗತ್ತು. 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು ಅದು. ತಾಲ್ಲೂಕು ಪುಟ್ಟದಾದರೂ ಅಲ್ಲಿನ ನಾಯಿ ಯಾರು ಕರೆದರೂ ತಕ್ಷಣ ಏಳುವುದಿಲ್ಲ. ಅರ್ಜಿ ಪರಿಶೀಲಿಸಿ ಏಳುತ್ತದೆ.

ಈಗ ಹೊಸ ಸುದ್ದಿ. ಮೈಸೂರಿನಿಂದ ವ್ಯಾನೊಂದು ಮನೆ ಬಾಗಿಲಿಗೇ ಬರುತ್ತದಂತೆ. ಒಳಗೆ ತೊಟ್ಟಿ, ಬಿಸಿನೀರು, ಡ್ರೈಯರು, ಏಪ್ರನ್ ತೊಟ್ಟ ಹುಡುಗ. ನಾಯಿಯನ್ನು ಹತ್ತಿಸಿ ಬಾಗಿಲು ಹಾಕಿಕೊಂಡರೆ ಸ್ವಲ್ಪ ಹೊತ್ತಿಗೆ ಮದುವೆ ಹೆಣ್ಣನ್ನು ಇಳಿಸಿ ಹೋಗುತ್ತಾರಂತೆ. ಬೀದಿಯೆಲ್ಲ ಇದೇ ಮಾತು. ಎದುರುಮನೆ ಮೇಷ್ಟ್ರು ನಿವೃತ್ತರಾದ ಮೇಲೆ ಸಲಹೆ ಕೊಡುವುದನ್ನೇ ಪೂರ್ಣಾವಧಿ ಮಾಡಿಕೊಂಡವರು. ಅವರ ಕಿವಿಯ ಕೂದಲು ಈಗ ಭುಜ ಮುಟ್ಟುವ ಯೋಚನೆಯಲ್ಲಿದೆ. ಅವರೇ ಮೊನ್ನೆ ಹೇಳಿದರು: “ನೋಡಪ್ಪಾ, ಇದೆಲ್ಲ ವೃತ್ತಿಪರರ ಕೆಲಸ. ನಮ್ಮಂಥವರ ಕೈಲಿ ಆಗೋದಲ್ಲ.”

ನನ್ನ ತಕರಾರು ಇರುವುದು ಈ ಮಾತಿಗೇ. ನಮ್ಮ ಕೈಲಿ ಆಗೋದಲ್ಲ ಅಂದರೆ ಏನರ್ಥ? ಸಂಕ್ರಾಂತಿಗೆ ಎತ್ತು ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವ ಸೀಮೆ ಇದು. ಆಲಂಬಾಡಿ ಎತ್ತಿನ ಜೋಡಿ ಕಟ್ಟಿದ್ದ ತಾತಂದಿರು ನಾಲೆಯ ನೀರಿನಲ್ಲಿ ಒಂದು ಹಿಡಿ ಹುಲ್ಲು ಸುತ್ತಿ ಎತ್ತಿನ ಮೈ ಉಜ್ಜುವಾಗ ಬರೀ ಕೊಳೆ ತೆಗೆಯುತ್ತಿರಲಿಲ್ಲ. ಕಿವಿ ಹಿಂದೆ ಉಣ್ಣೆ ಇದೆಯೇ, ಹೆಗಲಲ್ಲಿ ಬಾವು ಎದ್ದಿದೆಯೇ, ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ, ಎಲ್ಲ ಅದೇ ಕೈಯಲ್ಲಿ ಲೆಕ್ಕ ಆಗುತ್ತಿತ್ತು. ಆ ಕೈ ಎತ್ತಿನಿಂದ ಟ್ರ್ಯಾಕ್ಟರಿಗೆ ಹೋಯಿತು, ಟ್ರ್ಯಾಕ್ಟರಿನಿಂದ ಮೊಬೈಲಿಗೆ ಬಂತು. ಈಗ ನಾಯಿಯ ಮುಂದೆ ನಿಂತು “ಇದು ವೃತ್ತಿಪರರ ಕೆಲಸ” ಅನ್ನುತ್ತಿದೆ.

ಇನ್ನು ನಾಯಿಗೆ ಇಷ್ಟು ಮರ್ಯಾದೆ ಯಾಕೆ ಎನ್ನುವವರಿಗೆ ಆತಕೂರಿನ ಕಲ್ಲು ತೋರಿಸಬೇಕು. ನದಿಯಾಚೆ ಮದ್ದೂರು ತಾಲ್ಲೂಕಿನ ಊರು ಅದು, ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿ ಬಂದಾಗ ಮಣಲೇರ ಎಂಬ ವೀರನಿಗೆ ಅರಸ ಮೆಚ್ಚಿ ಬೇಕಾದ್ದು ಕೇಳು ಅಂದ. ಇವತ್ತು ಯಾರಿಗಾದರೂ ಹಾಗೆ ಹೇಳಿ ನೋಡಿ, ಕನಿಷ್ಠ ಒಂದು ನಿಗಮದ ಅಧ್ಯಕ್ಷಗಿರಿ ಕೇಳುತ್ತಾರೆ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಆಮೇಲೆ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೂ ವ್ಯವಸ್ಥೆ ಮಾಡಿದ. ಕಲ್ಲಿನ ಮೇಲೆ ಈಗಲೂ ನಾಯಿ, ಹಂದಿ ಎರಡೂ ಸೆಣಸುತ್ತಲೇ ಇವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕಾಳಿಗೆ ಯಾರು ನೀರು ಹುಯ್ಯುತ್ತಿದ್ದರು ಎಂದು ಶಾಸನ ಬರೆದವನು ಹೇಳಿಲ್ಲ. ಆದರೆ ಅರಸನ ಬೇಟೆನಾಯಿಯ ಪಂಜಕ್ಕೆ ಚುಚ್ಚಿದ ಮುಳ್ಳನ್ನು ಯಾವನೋ ಒಬ್ಬ ಕೂತು ತೆಗೆದೇ ಇರುತ್ತಾನೆ. ನಮ್ಮ ಪರಂಪರೆ ಅವನದು.

ಸರಿ, ಕೆಲಸಕ್ಕೆ ಇಳಿಯೋಣ. ಮೊದಲು ನೀರು ಅಂತ ಓಡಬೇಡಿ, ಮೊದಲು ಬಾಚಣಿಗೆ. ಒಣಗಿದ್ದಾಗಲೇ ಸಿಕ್ಕು ಬಿಡಿಸಿಕೊಳ್ಳದಿದ್ದರೆ, ನೀರು ಬಿದ್ದ ಮೇಲೆ ಅದೇ ಸಿಕ್ಕು ಬಿಗಿದು ಗಂಟಾಗುತ್ತದೆ, ಚರ್ಮವನ್ನೇ ಎಳೆಯತೊಡಗುತ್ತದೆ. ಇದನ್ನು ಕಲಿಯಬೇಕಾದರೆ ನಮ್ಮ ದೇವಾಂಗಪೇಟೆಯ ಅಜ್ಜಿಯೊಬ್ಬರ ಹತ್ತಿರ ಹೋಗಬೇಕು. ಬದುಕೆಲ್ಲ ರೇಷ್ಮೆ ಎಳೆಯ ಜೊತೆ ಕಳೆದವರು. ಮೊಮ್ಮಗಳು ಸಾಕಿದ ಶಿಹ್ ತ್ಸು ಅಜ್ಜಿಯ ತೊಡೆ ಬಿಟ್ಟು ಬೇರೆ ಯಾರಿಗೂ ಬಾಚಲು ಬಿಡುವುದಿಲ್ಲ. ಮೊಮ್ಮಗಳು ಬುಡದಿಂದ ಎಳೆಯುತ್ತಾಳೆ, ನಾಯಿ ಕಿರುಚುತ್ತದೆ. ಅಜ್ಜಿ ಬುಡವನ್ನು ಎಡಗೈ ಬೆರಳಲ್ಲಿ ಒತ್ತಿಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಮೇಲಕ್ಕೆ ಬರುತ್ತಾರೆ, ನಾಯಿ ಗೊರಕೆ ಹೊಡೆಯುತ್ತದೆ. “ಸಿಕ್ಕಿನ್ ಮೇಲೆ ಸಿಟ್ ಮಾಡ್ಕಬಾರ್ದು ಕನವ್ವ, ಮಾಡ್ಕಂಡ್ರೆ ನೂಲೂ ಇಲ್ಲ, ನಾಯೂ ಇಲ್ಲ” ಅನ್ನುತ್ತಾರೆ. ಏಪ್ರನ್ ಹುಡುಗನಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರೋ ಗೊತ್ತಿಲ್ಲ, ಅಜ್ಜಿಗಂತೂ ಆ ನಾಯಿಯೇ ಕೊಟ್ಟಿದೆ.

ಹನೂರಿನ ಭಾವನ ನಾಯಿಯದು ಬೇರೆ ಕಥೆ. ಅದರ ಮೈಯಲ್ಲಿ ಇಡೀ ತಾಲ್ಲೂಕಿನ ಸಸ್ಯಸಂಪತ್ತೇ ಇರುತ್ತದೆ: ಉತ್ತರಾಣಿ ಕಾಳು, ನೆಗ್ಗಿಲ ಮುಳ್ಳು, ಹೆಸರು ಗೊತ್ತಿಲ್ಲದ ಹುಲ್ಲಿನ ಮುಳ್ಳು. ಎರಡು ಹನಿ ಕೊಬ್ಬರಿ ಎಣ್ಣೆ ಬೆರಳಿಗೆ ಹಚ್ಚಿಕೊಂಡು ಬಿಡಿಸಿದರೆ ಜಾರಿ ಬರುತ್ತವೆ. ಕಾಲ್ಬೆರಳ ಸಂದಿ ಮಾತ್ರ ಮರೆಯಬಾರದು. ಅಲ್ಲಿ ಸೇರಿದ ಹುಲ್ಲಿನ ಮುಳ್ಳು ಒಳಕ್ಕೇ ನುಗ್ಗುತ್ತ ಹೋಗಿ ಕೀವಾಗುತ್ತದೆ. ನಾಯಿ ಒಂದೇ ಪಂಜವನ್ನು ಬಿಡದೆ ನೆಕ್ಕುತ್ತಿದ್ದರೆ ಅದು ಧ್ಯಾನವಲ್ಲ, ದೂರು.

ಈಗ ನೀರು. ನಾಯಿಗೂ ನಮಗೂ ಮೊದಲ ಜಗಳ ಶುರುವಾಗುವುದು ಇಲ್ಲಿ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪ ನೋಡಿದ್ದೀರಲ್ಲ, ಕಲ್ಲಿನಲ್ಲೇ ಬಳೆಗೆ ಬಳೆ ಕೊಂಡಿ ಹಾಕಿ ಇಳಿಬಿಟ್ಟಿದ್ದಾರೆ. ಕಲ್ಲಿನಲ್ಲಿ ಸರಪಳಿ ಕಡೆದ ಊರಿನವರೇ ಆದ ನಮ್ಮ ಚಿಕ್ಕಮ್ಮನಿಗೆ ಬಕೆಟ್ ಸದ್ದು ಕೇಳಿದ ನಾಯಿಯನ್ನು ಹಿಡಿದು ನಿಲ್ಲಿಸುವ ಸರಪಳಿ ಇನ್ನೂ ಸಿಕ್ಕಿಲ್ಲ. ಅವರ ಉಪಾಯ ಸರಳ: ಬಚ್ಚಲ ನೆಲಕ್ಕೆ ಹಳೆ ಗೋಣಿಚೀಲ ಹಾಸುವುದು. ನಾಯಿ ಹೆದರುವುದು ನೀರಿಗಿಂತ ಹೆಚ್ಚಾಗಿ ಜಾರುವ ಟೈಲ್ಸಿಗೆ. ಕಾಲು ಊರಿ ನಿಲ್ಲುವಂತಾದರೆ ಅರ್ಧ ಹಟ ಅಲ್ಲೇ ಮುಗಿಯುತ್ತದೆ. ನೀರು ಉಗುರುಬೆಚ್ಚಗಿರಲಿ, ಹಂಡೆಯಿಂದ ತೋಡಿ ನೆತ್ತಿಗೆ ಹುಯ್ಯಲು ಅದು ದೀಪಾವಳಿಯ ಅಳಿಯನಲ್ಲ. ಕಾಲಿನಿಂದ ಶುರುಮಾಡಿ ಬೆನ್ನಿಗೆ ಬಂದು, ಮುಖಕ್ಕೆ ಒದ್ದೆ ಬಟ್ಟೆ ಅಷ್ಟೇ. ಕಿವಿಗೆ ಸ್ವಲ್ಪ ಹತ್ತಿ ಇಟ್ಟರೆ ಒಳ್ಳೆಯದು, ಕೊನೆಗೆ ತೆಗೆಯುವುದೂ ನೆನಪಿರಬೇಕು.

ಎಷ್ಟು ದಿನಕ್ಕೊಮ್ಮೆ? ಮೇಷ್ಟ್ರು ದಿನಾ ಅನ್ನುತ್ತಾರೆ, ಭಾವ ವರ್ಷಕ್ಕೊಮ್ಮೆ ಅನ್ನುತ್ತಾನೆ. ಸಾಮಾನ್ಯವಾಗಿ ಮೂರು-ನಾಲ್ಕು ವಾರಕ್ಕೊಂದು ಸಲ ಸಾಕು. ಪದೇ ಪದೇ ತಿಕ್ಕಿದರೆ ಚರ್ಮದ ಎಣ್ಣೆ ಹೋಗಿ ತುರಿಕೆ ಬರುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಸೋಪು. ಮನೆಯಲ್ಲಿರುವ ಮನುಷ್ಯರ ಶಾಂಪೂವೇ ಆಗಲ್ಲವೇ ಎಂದು ಕೇಳುವವರು ಬಹಳ. ನಮ್ಮ ಚರ್ಮ ಹುಳಿ ಕಡೆ ವಾಲಿದ್ದು, ಪಿಎಚ್ ಸುಮಾರು 5.5. ನಾಯಿಯ ಚರ್ಮ ಹೆಚ್ಚುಕಮ್ಮಿ ತಟಸ್ಥ, 7ರ ಆಸುಪಾಸು. ನಮ್ಮದಕ್ಕಿಂತ ತೆಳು ಕೂಡ. ನಮಗೆ ಹೊಂದುವುದು ಅದಕ್ಕೆ ಉರಿ. ಹಾಗಾದರೆ ಸೀಗೆಕಾಯಿ? ಬೆಟ್ಟದ ಸೋಲಿಗರು ಕಾಡಿನಿಂದ ತಂದು ತಮ್ಮ ಲ್ಯಾಂಪ್ಸ್ ಸಹಕಾರ ಸೊಸೈಟಿಗೆ ಹಾಕುವ ಸೀಗೆ, ಅಂಟುವಾಳಗಳ ಮೇಲೆ ನನಗೆ ಅಪಾರ ಗೌರವ. ಆದರೆ ಸೀಗೆಪುಡಿ ಕಣ್ಣಿಗೆ ಬಿದ್ದರೆ ಹೇಗಿರುತ್ತದೆ ಎಂದು ಅಮ್ಮನ ಕೈಯಲ್ಲಿ ತಲೆ ತಿಕ್ಕಿಸಿಕೊಂಡ ನಮಗೆಲ್ಲ ಗೊತ್ತು. ನಾವು ಕಿರುಚುತ್ತಿದ್ದೆವು, ನಾಯಿ ಕಚ್ಚುತ್ತದೆ. ನಾಯಿಗೆಂದೇ ಮಾಡಿದ, ವಾಸನೆ ಕಡಿಮೆ ಇರುವ ಶಾಂಪೂ ಒಂದು ಬಾಟಲಿ ತಂದಿಟ್ಟುಕೊಳ್ಳಿ.

ವಾಸನೆ ಕಡಿಮೆ ಅಂದದ್ದಕ್ಕೆ ಕಾರಣವಿದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷವಾದರೆ ನಾಯಿಯ ಮೂಗಿನಲ್ಲಿ 20-30 ಕೋಟಿ ಎನ್ನುವುದು ಸಾಮಾನ್ಯ ಲೆಕ್ಕ. ನಿಮಗೆ ಹಿತವಾದ ಮಲ್ಲಿಗೆ ಪರಿಮಳ ಅದಕ್ಕೆ ಇಡೀ ಹೂವಿನ ಮಂಡಿ ಮೈಮೇಲೆ ಸುರಿದ ಹಿಂಸೆ. ಅದಕ್ಕೇ ಸ್ನಾನ ಮುಗಿದ ಕೂಡಲೇ ಓಡಿ ಹೋಗಿ ಸಗಣಿ ಗುಂಡಿಯಲ್ಲಿ ಹೊರಳಾಡಿ, ತನ್ನತನವನ್ನು ವಾಪಸ್ ಪಡೆದು, ಹೆಮ್ಮೆಯಿಂದ ಬಂದು ನಿಲ್ಲುತ್ತದೆ. ನೀವು ಹುಬ್ಬು ಗಂಟಿಕ್ಕಿದರೆ ಅದಕ್ಕೆ ನಿಜವಾಗಿಯೂ ಆಶ್ಚರ್ಯ.

ಅದಕ್ಕೂ ಮುಂಚೆ ಇನ್ನೊಂದು ಗಂಡಾಂತರ: ಒದರುವುದು. 2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ವಿಜ್ಞಾನಿಗಳು ಒದ್ದೆ ಪ್ರಾಣಿಗಳು ಮೈ ಒದರುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ಲೆಕ್ಕ ಹಾಕಿದರು. ಲ್ಯಾಬ್ರಡಾರ್ ಸೆಕೆಂಡಿಗೆ ನಾಲ್ಕೈದು ಸಲ ಮೈ ತಿರುಗಿಸುತ್ತದೆ, ಸಣ್ಣ ಇಲಿ ಮೂವತ್ತು ಸಲದಷ್ಟು. ನಾಯಿ ಕೆಲವೇ ಸೆಕೆಂಡಿನಲ್ಲಿ ಮೈಮೇಲಿನ ಶೇಕಡ 70ರಷ್ಟು ನೀರು ಕೊಡವಿಬಿಡುತ್ತದೆ. ಆ 70 ಭಾಗ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಅಮೆರಿಕದ ಕ್ಯಾಮೆರಾ ಬೇಕಿಲ್ಲ, ನಮ್ಮ ಮನೆಯವರ ಹೊಸ ಟವೆಲು ನೋಡಿದರೆ ಸಾಕು. ಉಳಿದ 30 ಭಾಗ ಒರೆಸುವುದು ನಮ್ಮ ಪಾಲು. ಕಾಲ್ಬೆರಳ ಸಂದಿ, ಕಂಕುಳು, ಕಿವಿಯ ಒಳಮಗ್ಗುಲು ಒದ್ದೆ ಉಳಿದರೆ ಬೂಸಲು ಸೋಂಕು ತಗಲಬಹುದು. ಡ್ರೈಯರು ಇದ್ದರೆ ಅನುಕೂಲ, ಆದರೆ ಭಾನುವಾರ ಕರೆಂಟಿರಬೇಕಲ್ಲ. 1902ರಲ್ಲೇ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ನಮ್ಮ ಬೀದಿಯ ನಾಯಿ ಮಾತ್ರ ಇವತ್ತಿಗೂ ಬಿಸಿಲಿನಲ್ಲೇ ಒಣಗುತ್ತದೆ.

ಕೂದಲು ಬೋಳಿಸುವ ವಿಚಾರಕ್ಕೆ ಬಂದರೆ ನಮ್ಮವರನ್ನು ಹಿಡಿಯುವವರಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುವ ಸೀಮೆ. ಅಪ್ಪ, ಮಗ, ಮೊಮ್ಮಗ ಸಾಲಾಗಿ ಬೋಳುತಲೆಗೆ ಗಂಧ ಬಳಿದುಕೊಂಡು ಬಸ್ಸಿಳಿದಾಗ ಮನೆಯಲ್ಲಿ ತಲೆಗೂದಲಿರುವ ಗಂಡಸು ನಾಯಿ ಒಂದೇ. ನಮ್ಮ ಬೀದಿಯ ಒಬ್ಬರಿಗೆ ಹೀಗೆ ಬೆಟ್ಟದಿಂದ ಬಂದ ಮಾರನೇ ದಿನ, ಏಪ್ರಿಲ್ ಬಿಸಿಲಿನಲ್ಲಿ, ತಮ್ಮ ಪಮೇರಿಯನ್ ಮೇಲೆ ಕರುಣೆ ಹುಟ್ಟಿತು. “ಪಾಪ, ಎಷ್ಟು ಸೆಕೆ ಆಗ್ತದೋ ಏನೋ, ನುಣ್ಣಗೆ ಮಾಡ್ಬುಡನ” ಎಂದು ಗಡ್ಡದ ಟ್ರಿಮ್ಮರು ತಂದರು. ಸ್ವಾಮಿ, ಪಮೇರಿಯನ್ನು, ಲ್ಯಾಬ್ರಡಾರು, ಜರ್ಮನ್ ಶೆಫರ್ಡುಗಳಿಗೆ ಎರಡು ಪದರದ ಕೂದಲು. ಒಳಗಿನ ಮೆತ್ತನೆಯದು, ಹೊರಗಿನ ಒರಟಿನದು, ಎರಡೂ ಸೇರಿ ಚಳಿಯನ್ನೂ ಬಿಸಿಲನ್ನೂ ಹೊರಗೇ ತಡೆಯುತ್ತವೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದೂ ಇಲ್ಲ. ತೇಕುವುದೇ ಅದರ ಫ್ಯಾನು, ಬೆವರೇನಿದ್ದರೂ ಅಂಗಾಲಿನಲ್ಲಿ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ. ಮತ್ತೆ ಬೆಳೆಯುವ ಕೂದಲೂ ಅಲ್ಲೊಂದು ಇಲ್ಲೊಂದು ಮಚ್ಚೆ. ಆ ಪಮೇರಿಯನ್ನನ್ನು ಕೊನೆಗೆ ಉಳಿಸಿದ್ದು ಪಶುವೈದ್ಯರೂ ಅಲ್ಲ, ನಾನೂ ಅಲ್ಲ; ಟ್ರಿಮ್ಮರಿನ ಚಾರ್ಜು.

ಸದಾ ಬೆಳೆಯುತ್ತಲೇ ಇರುವ ಕೂದಲಿನ ಜಾತಿಗಳು ಬೇರೆ. ಶಿಹ್ ತ್ಸು, ಲ್ಹಾಸಾ ಆಪ್ಸೊ, ಪೂಡಲ್‌ಗಳಿಗೆ ಕತ್ತರಿ ಬೇಕೇ ಬೇಕು. ಲ್ಹಾಸಾ ಆಪ್ಸೊದ ತವರು ಟಿಬೆಟ್. ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಬಂದು ನೆಲೆಸಿದ ಟಿಬೆಟನ್ನರು ನಮ್ಮ ಬಿಸಿಲಿಗೆ ತಕ್ಕ ಹಾಗೆ ಉಡುಪು ಬದಲಿಸಿಕೊಂಡಾರು, ನಾಯಿಗೆ ಆ ಸೌಕರ್ಯವಿಲ್ಲ. ಕಣ್ಣಿಗೆ ಬೀಳುವ ಕೂದಲು, ಅಂಗಾಲಿನ ಕೂದಲು, ಬಾಲದ ಕೆಳಗಿನ ಕೂದಲು, ಇಷ್ಟನ್ನು ಮನೆಯಲ್ಲೇ ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿದರೂ ಅದಕ್ಕೆ ದೊಡ್ಡ ಉಪಕಾರ. ಮೀಸೆ ಮಾತ್ರ ಮುಟ್ಟಬೇಡಿ, ಅದು ದಾರಿ ತಡಕುವ ಅಂಗ. ಪ್ಯಾರಿಸಿನಲ್ಲಿ 19ನೇ ಶತಮಾನದಲ್ಲೇ ಸೇನ್ ನದಿಯ ಸೇತುವೆ ಬಳಿ ನಾಯಿ ಚೌರ ಮಾಡುವವರು ಸಾಲಾಗಿ ಕೂರುತ್ತಿದ್ದರಂತೆ. ನಮ್ಮ ಮುಧೋಳ ನಾಯಿ ಅಲ್ಲಿಗೆ ಹೋಗಿದ್ದರೆ ಅವರೆಲ್ಲ ಉಪವಾಸ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಆ ಚೆಲುವಿನ ಮೈಗೆ ಒಂದು ಒದ್ದೆ ಬಟ್ಟೆ, ಒಂದು ರಬ್ಬರ್ ಬ್ರಷ್ ಸಾಕು.

ಈಗ ನಿಜವಾದ ವೈರಿಗೆ ಬರೋಣ, ಉಣ್ಣೆಗೆ. ನಾಯಿ ಮೈಯಲ್ಲಿ ರಕ್ತ ಹೀರಿ ಊದಿದ ಹೆಣ್ಣು ಉಣ್ಣೆ ಕೆಳಗುದುರಿ, ಗೋಡೆ ಬಿರುಕಿಗೆ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಯನ್ನು ಮಾತ್ರ ತೊಳೆದು ಗೂಡನ್ನು ಹಾಗೇ ಬಿಟ್ಟರೆ ಮುಂದಿನ ತಿಂಗಳು ಮೊಮ್ಮಕ್ಕಳ ಸಮೇತ ಬರುತ್ತವೆ. ಬೇಬಿಸಿಯಾ, ಎರ್ಲಿಕಿಯಾ ಎಂಬ ರೋಗಾಣುಗಳ ಜ್ವರಗಳನ್ನು ತರುವುದೂ ಇವೇ. ಊಟ ಬಿಟ್ಟ ನಾಯಿಯ ವಸಡು ಬಿಳಿಚಿದ್ದರೆ ದೃಷ್ಟಿ ತೆಗೆಯುತ್ತ ಕೂರದೆ ಪಶು ಆಸ್ಪತ್ರೆಗೆ ಓಡಬೇಕು.

ಉಣ್ಣೆಗೆ ನಮ್ಮ ಮೂರು ತಾಲ್ಲೂಕಿನಲ್ಲಿ ಚಾಲ್ತಿಯಲ್ಲಿರುವ ಮದ್ದುಗಳನ್ನು ಕೇಳಿದರೆ ಉಣ್ಣೆಗಿಂತ ಮೊದಲು ನಾಯಿ ಸಾಯುತ್ತದೆ. ಒಬ್ಬರು ಸೀಮೆಎಣ್ಣೆ ಸವರು ಅನ್ನುತ್ತಾರೆ, ಇನ್ನೊಬ್ಬರು ಬೀಡಿ ತುದಿ ತಾಗಿಸು ಅನ್ನುತ್ತಾರೆ, ಮತ್ತೊಬ್ಬರು ಹೊಲಕ್ಕೆ ಹೊಡೆಯುವ ಔಷಧಿಯನ್ನೇ “ವಸಿ ನೀರ್ ಬೆರ್ಸಿ” ಹಚ್ಚು ಅನ್ನುತ್ತಾರೆ. ನಾಯಿ ಮೈಗೆ ಹಚ್ಚಿದ್ದು ನಾಯಿ ಹೊಟ್ಟೆಗೇ ಹೋಗುತ್ತದೆ, ನೆಕ್ಕುವ ಪ್ರಾಣಿ ಅದು. ಸಣ್ಣ ಚಿಮ್ಮಟದಿಂದ ಚರ್ಮದ ಹತ್ತಿರಕ್ಕೇ ಹಿಡಿದು, ತಿರುಚದೆ ನೇರ ಎಳೆದು, ಸೋಪುನೀರಿನ ಡಬ್ಬಿಗೆ ಹಾಕಬೇಕು. ಉಗುರಲ್ಲಿ ಚಿಟ್ ಎನ್ನಿಸುವ ಆನಂದ ಬಿಟ್ಟುಬಿಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ 2012ರಲ್ಲಿ ನಮ್ಮದೇ ಜಿಲ್ಲೆಯ ಬಂಡೀಪುರದಲ್ಲೂ ಕಾಣಿಸಿತು. ಅದನ್ನು ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣೆ, ನಿಜ. ಆದರೆ ಕಾಡಂಚಿನ ನಾಯಿಯ ಮೇಲಿರುವ ಉಣ್ಣೆ ತನ್ನ ಜಾತಿ ಹೇಳಿಕೊಂಡು ಕೂತಿರುವುದಿಲ್ಲ. ಔಷಧಿ ಬೇಕಾದರೆ ವೈದ್ಯರನ್ನು ಕೇಳಿ, ತೂಕಕ್ಕೆ ತಕ್ಕಷ್ಟು ಹಾಕಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಉಗುರು ಕತ್ತರಿಸುವುದು ಧೈರ್ಯವಂತರ ಕೆಲಸ ಎಂಬ ಪ್ರತೀತಿ ಇದೆ. ಉಗುರಿನೊಳಗೆ ರಕ್ತನಾಳ, ನರ ಇರುತ್ತವೆ. ಬಿಳಿ ಉಗುರಾದರೆ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಕಪ್ಪು ಉಗುರಾದರೆ ದೇವರೇ ಗತಿ. ಹಾಗಾಗಿ ತುದಿಯಷ್ಟೇ, ಚೂರು ಚೂರೇ. ರಕ್ತ ಬಂದರೆ ಚೌರದಂಗಡಿಯವರು ಗಡ್ಡಕ್ಕೆ ಉಜ್ಜುವ ಪಟಿಕದ ಪುಡಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಟಾರು ರಸ್ತೆಯಲ್ಲಿ ದಿನಾ ಓಡಾಡುವ ನಾಯಿಗೆ ಉಗುರು ತಾನೇ ಸವೆಯುತ್ತದೆ. ಸೋಫಾ ಮೇಲೆ ಮಲಗಿ ಸೀರಿಯಲ್ ನೋಡುವ ನಾಯಿಗೆ ಬೆಳೆದು, ನಡೆದರೆ ಟಕ್ ಟಕ್ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ಕತ್ತರಿಸುವ ಕಾಲ ಬಂತು ಎಂದರ್ಥ. ಕಿವಿಗೆ ಕಡ್ಡಿ ಹಾಕಬೇಡಿ. ಅದರ ಕಿವಿಯ ನಾಳ ನೇರ ಇಲ್ಲ, ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಕಾಣುವಷ್ಟು ಮಾತ್ರ ಹತ್ತಿಯಲ್ಲಿ ಒರೆಸಿ, ಮೂಸಿ ನೋಡಿ. ಹುಳಿ ವಾಸನೆ ಬಂದರೆ ವೈದ್ಯರು.

ಹಲ್ಲಿಗೆ ನಮ್ಮ ಟೂತ್‌ಪೇಸ್ಟ್ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಕೆಲವು ಪೇಸ್ಟಿನಲ್ಲಿರುವ ಕ್ಸೈಲಿಟಾಲ್ ಅದಕ್ಕೆ ವಿಷ. ಮೂಳೆ ಕಡಿದರೆ ಹಲ್ಲು ಶುದ್ಧ ಎನ್ನುವ ಭಾವ, ಜನವರಿಯಲ್ಲಿ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯ ಪಂಕ್ತಿ ಸೇವೆಯ ಬಾಡೂಟ ಮುಗಿಸಿ ಬರುವಾಗ ನಾಯಿಗೆಂದು ಒಂದು ಚೀಲ ಮೂಳೆ ತರುತ್ತಾನೆ. ಬೆಂದ ಮೂಳೆ ಸಿಗಿದು ಚೂಪಾಗಿ ಗಂಟಲಲ್ಲಿ ನಿಲ್ಲುತ್ತದೆ ಎಂದರೆ, “ಸಿದ್ದಪ್ಪಾಜಿ ನೋಡ್ಕತಾನೆ ಬುಡು” ಅನ್ನುತ್ತಾನೆ. ನಾಯಿಯ ಹಲ್ಲಿಗೆ ನಿಜವಾದ ಕಸರತ್ತು ಚಪ್ಪಲಿಯಿಂದ. ಬಿಳಿಗಿರಿರಂಗನಿಗೆ ಭಕ್ತರು ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸುತ್ತಾರೆ, ಸ್ವಾಮಿ ಕಾಡು ಸುತ್ತಿ ಅದನ್ನು ಸವೆಸುತ್ತಾನೆ ಎಂಬುದು ನಂಬಿಕೆ. ಚಿಕ್ಕಮ್ಮನ ಮನೆಯಲ್ಲಿ ಕಾಡು ಸುತ್ತದೆಯೇ ಚಪ್ಪಲಿ ಸವೆಯುತ್ತದೆ, ಅದೂ ಎಡಗಾಲಿನದೇ.

ಇದೆಲ್ಲದರ ನಡುವೆ ನಾಯಿಯ ಜೊತೆ ಮಾತು. ಮನೆಯವರ ಹತ್ತಿರ ಅಪ್ಪಟ ಕೊಳ್ಳೇಗಾಲದ ಕನ್ನಡ ಆಡುವವರು ನಾಯಿ ಎದುರು ಬಂದೊಡನೆ ‘ಸಿಟ್’, ‘ಸ್ಟೇ’, ‘ಗುಡ್ ಬಾಯ್’ ಎಂದು ಇಂಗ್ಲಿಷಿಗೆ ಏರುತ್ತಾರೆ. 1956ರ ತನಕ ಈ ಊರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗಿನ ನಾಯಿಗಳು ‘ಬಾ’ ಅಂದರೂ ಬರುತ್ತಿದ್ದವು, ‘ವಾ’ ಅಂದರೂ ಬರುತ್ತಿದ್ದವು, ಯಾರ ಕೈಲಿ ಮುದ್ದೆ ಇದೆ ಎಂದು ನೋಡಿಕೊಂಡು. ಈಗಿನವೂ ಅಷ್ಟೇ. ಸ್ನಾನದ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುವುದು ನಿಮ್ಮ ದನಿ ಎಷ್ಟು ಸಣ್ಣಗಿದೆ, ಕೈ ಎಷ್ಟು ಮೆತ್ತಗಿದೆ ಎನ್ನುವುದನ್ನು ಮಾತ್ರ. ಮರಿಯಿದ್ದಾಗಲೇ ದಿನಾ ಸ್ವಲ್ಪ ಹೊತ್ತು ಪಂಜ ಹಿಡಿದು, ಕಿವಿ ಸವರಿ, ಬಾಯಿ ತೆಗೆಸಿ ಅಭ್ಯಾಸ ಮಾಡಿಸಿದವರ ಮನೆಯಲ್ಲಿ ಭಾನುವಾರ ಯುದ್ಧವಿರುವುದಿಲ್ಲ.

ವ್ಯಾನಿನ ಹುಡುಗ ನಾಯಿಯನ್ನು ಚೆನ್ನಾಗಿಯೇ ತೊಳೆಯಬಹುದು, ನಮಗಿಂತ ಚೆನ್ನಾಗಿ. ಆದರೆ ಹೋದ ವಾರ ಇಲ್ಲದ ಗಂಟು ಈ ವಾರ ಹೊಟ್ಟೆಯ ಬಳಿ ಬೆರಳಿಗೆ ಸಿಕ್ಕಿತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಹೋದ ವಾರ ಅವನ ಕೈ ಬೇರೆ ನಾಯಿಯ ಮೇಲಿತ್ತು. ಎಡಗಾಲು ಮುಟ್ಟಿದರೆ ಈಗೀಗ ಸರಿಯುತ್ತದೆ, ಬೆನ್ನಿನ ಮೂಳೆ ಮೊದಲಿಗಿಂತ ಎದ್ದು ಕಾಣುತ್ತಿದೆ, ಕಿವಿ ವಾಸನೆ ಬೇರೆಯಾಗಿದೆ ಎನ್ನುವುದೆಲ್ಲ ದಿನಾ ಸವರಿದ ಕೈಗೆ ಮಾತ್ರ ಸಿಗುವ ಸುದ್ದಿ. ಅದಕ್ಕೆ ಬೇಕಾದ್ದು ಒಂದು ಬಾಚಣಿಗೆ, ಒಂದು ಗೋಣಿಚೀಲ, ಒಂದಿಷ್ಟು ಪುರಸೊತ್ತು. ಮೊದಲೆರಡು ಎಲ್ಲರ ಮನೆಯಲ್ಲೂ ಇವೆ.

ಫಲಿತಾಂಶ ತಿಳಿಯಲು ಕನ್ನಡಿ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಕಿಲ್ಲ. ಮುಂದಿನ ಸಲ ನೀವು ಬಾಚಣಿಗೆ ತೆಗೆದಾಗ ನಾಯಿ ಏನು ಮಾಡುತ್ತದೆ ನೋಡಿ. ಮಂಚದಡಿ ಸೇರಿದರೆ ಆವತ್ತು ಸಿಂಗಾರ ಆದದ್ದು ನಿಮ್ಮ ಜಂಬಕ್ಕೆ. ತಾನಾಗಿ ಬಂದು ಕಾಲಬುಡದಲ್ಲಿ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡರೆ ಪಾಸು. ಪಾಸಾದವರು ಮೈಸೂರಿನ ವ್ಯಾನಿನವನಿಗೆ ಒಂದು ಫೋನು ಹಾಕಿ, ನಮ್ಮ ಬೀದಿ ನಾಯಿಗಳಿಗೆ ಬರಬೇಕಾಗಿಲ್ಲ ಎಂದು ಹೇಳಿ. ಅಷ್ಟು ದೂರ ಬರಲೇಬೇಕು ಎಂದು ಹಟ ಮಾಡಿದರೆ ಬರಲಿ ಪಾಪ. ನಮ್ಮ ಮೇಷ್ಟ್ರಿದ್ದಾರಲ್ಲ, ಅವರನ್ನು ಹತ್ತಿಸಿಕೊಂಡು ಕಿವಿ ಕೂದಲೊಂದಿಷ್ಟು ಕತ್ತರಿಸಿ ಇಳಿಸಿ ಹೋಗಲಿ. ಅದು ನಿಜವಾಗಿಯೂ ವೃತ್ತಿಪರರ ಕೆಲಸ.